ಅರಿಶಿನ ಕುಂಕುಮಕ್ಕೆ ಯಾರನ್ನು ಕರೆಯಬೇಕು?

ಶ್ರಾವಣ ಬಂತೆಂದರೆ ನಮ್ಮ ಹೆಣ್ಣುಮಕ್ಕಳ ಕೈಗೆ ಬಿಡುವಿಲ್ಲ. ಮಂಗಳವಾರ ಮಂಗಳಗೌರಿ, ಶುಕ್ರವಾರ ಲಕ್ಷ್ಮಿ, ನಡುವೆ ನಾಗರ ಪಂಚಮಿ. ಪುಣೆಯಲ್ಲಿರುವ ನಮಗಂತೂ ಹಬ್ಬಗಳು ಎರಡು ಪಟ್ಟು. ಹಳೆಯ ಮೈಸೂರಿನ ಕಡೆಯಿಂದ ಬಂದ ನಾವು ಹುಣ್ಣಿಮೆಗೆ ಮುಂಚಿನ ಶುಕ್ರವಾರ ಕಲಶವಿಟ್ಟು ವರಮಹಾಲಕ್ಷ್ಮಿಯನ್ನು ಪೂಜಿಸುತ್ತೇವೆ. ಧಾರವಾಡ, ಬಿಜಾಪುರ, ಬೆಳಗಾವಿಯ ಕಡೆಯವರು ಶ್ರಾವಣದ ಶುಕ್ರವಾರಗಳನ್ನೆಲ್ಲ ಲಕ್ಷ್ಮಿಗೆ ಮೀಸಲಿಡುತ್ತಾರೆ. ಭಾದ್ರಪದದಲ್ಲಿ ಅನುರಾಧಾ ನಕ್ಷತ್ರದ ದಿನ ಮಹಾಲಕ್ಷ್ಮಿಯರನ್ನು ಮನೆಗೆ ಕರೆತಂದು, ಜ್ಯೇಷ್ಠಾ ನಕ್ಷತ್ರದಂದು ಪೂಜಿಸಿ, ಮೂಲಾ ನಕ್ಷತ್ರದಂದು ಬೀಳ್ಕೊಡುತ್ತಾರೆ. ಅದೇ ದಿನಗಳಲ್ಲಿ ನೆರೆಯ ಮರಾಠಿ ಮನೆಗಳಲ್ಲಿಯೂ ಗೌರಿಯರು ಸೀರೆಯುಟ್ಟು ನಿಂತಿರುತ್ತಾರೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಒಮ್ಮೆ, ಚೈತ್ರ ಶುದ್ಧ ತದಿಗೆಯಿಂದ ಅಕ್ಷಯ ತದಿಗೆಯವರೆಗೆ ಮತ್ತೊಮ್ಮೆ, ಅವರ ಹಳದಿ-ಕುಂಕುವಿನ ಕರೆಗಳು ಬೇರೆ. ಹೀಗಾಗಿ ಈ ಊರಿನಲ್ಲಿ ಕುಂಕುಮದ ಬಟ್ಟಲು ಮುಚ್ಚಿ ಒಳಗಿಡುವ ದಿನಗಳೇ ಕಡಿಮೆ.

ಈ ವ್ರತಗಳ ವಿಧಿವಿಧಾನ ಬೇರೆ ಬೇರೆಯಾದರೂ ಮುಕ್ತಾಯ ಒಂದೇ. ಮನೆಗೆ ಬಂದ ಹೆಂಗಸಿಗೆ ಮಣೆ ಹಾಕಿ, ಅರಿಶಿನ ಕುಂಕುಮ ಹೂವು ಕೊಟ್ಟು, ಎಲೆ ಅಡಿಕೆ ತೆಂಗಿನಕಾಯಿ ರವಿಕೆ ಕಣವಿಟ್ಟ ತಾಂಬೂಲವನ್ನು ಕೈಗಿತ್ತು, ಹಿರಿಯಳಾಗಿದ್ದರೆ ನಮಸ್ಕಾರ ಮಾಡುತ್ತೇವೆ. ಕಲಶದಲ್ಲಿ ಕಂಡ ದೇವಿಯನ್ನೇ ಆಕೆಯಲ್ಲಿಯೂ ಕಾಣುವುದು ಇದರ ಭಾವ. ಎಷ್ಟೇ ಬೆಳ್ಳಿಯ ಸಾಮಾನು ಜೋಡಿಸಿದರೂ, ಎಷ್ಟೇ ಬಗೆಯ ನೈವೇದ್ಯ ಮಾಡಿದರೂ, ಒಬ್ಬ ಹೆಂಗಸಿಗಾದರೂ ಕುಂಕುಮ ಕೊಡದೆ ವ್ರತ ಮುಗಿಯಿತೆಂದು ನಮಗೆ ಅನ್ನಿಸುವುದಿಲ್ಲ. ಹೀಗಿರುವಲ್ಲಿ, ‘ಯಾರನ್ನು ಕರೆಯಬೇಕು?’ ಎಂಬ ಪ್ರಶ್ನೆ ವ್ರತದ ಹೊರಗಿನದಲ್ಲ, ಅದರ ಒಳಗಿನದೇ. ಇದಕ್ಕೆ ನಮ್ಮ ಹಿರಿಯರು ಕೊಟ್ಟ ಉತ್ತರ ಎಲ್ಲರಿಗೂ ಗೊತ್ತು: ಮುತ್ತೈದೆಯರನ್ನು. ಸುಮಾರು ಐವತ್ತು ವರ್ಷ ನಾನು ಆ ಉತ್ತರವನ್ನು ಪ್ರಶ್ನಿಸದೆ ನಡೆಸಿಕೊಂಡು ಬಂದವಳು. ಅದು ನನಗೆ ಪ್ರಶ್ನೆಯಾದದ್ದು ಹೇಗೆ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಬರೆಯುವುದೇ ವ್ಯರ್ಥ.

ನಾನು ಮದುವೆಯಾಗಿ ಪುಣೆಗೆ ಬಂದದ್ದು 1974ರಲ್ಲಿ. 1983ರಲ್ಲಿ ಕರ್ವೆನಗರದ ಒಂದು ಸೊಸೈಟಿಗೆ ಬಂದಾಗ ಎದುರು ಮನೆಯಲ್ಲಿ ಧಾರವಾಡದ ಕಡೆಯ ಒಂದು ಕುಟುಂಬವಿತ್ತು. ಆ ಮನೆಯ ಗೃಹಿಣಿಯನ್ನು ಅವರ ಕಡೆಯ ರೂಢಿಯಂತೆ ನಾನೂ ‘ವೈನಿ’ ಎಂದೇ ಕರೆದೆ. ಮಂಡಯಿಯಲ್ಲಿ ತರಕಾರಿಗೆ ಚೌಕಾಸಿ ಮಾಡುವ ಮರಾಠಿಯನ್ನು ನನಗೆ ಕಲಿಸಿದವರು ಅವರು. ನಮ್ಮ ಕಡೆಯ ಪುಳಿಯೋಗರೆಯ ಗೊಜ್ಜನ್ನು ಅವರಿಗೆ ಕಲಿಸಿದವಳು ನಾನು. ಸುಮಾರು ನಲವತ್ತು ವರ್ಷ, ನನ್ನ ವರಮಹಾಲಕ್ಷ್ಮಿಗೆ ಮೊದಲ ಅರಿಶಿನ ಕುಂಕುಮ ವೈನಿಗೆ. ಅವರ ಮಹಾಲಕ್ಷ್ಮಿಯರ ದಿನ ಮುತ್ತೈದೆ ಊಟಕ್ಕೆ ಮೊದಲ ಎಲೆ ನನಗೆ. ನನ್ನ ಉಡಿ ತುಂಬಿ ಅವರು ಹರಸಿದ ಹರಕೆಗಳನ್ನು ಲೆಕ್ಕವಿಟ್ಟವರಾರು?

2022ರ ನವೆಂಬರಿನಲ್ಲಿ ವೈನಿಯ ಯಜಮಾನರು ತೀರಿಕೊಂಡರು.

ಅದೇ ವರ್ಷದ ಮೇ ತಿಂಗಳಲ್ಲಿ ಒಂದು ಸುದ್ದಿ ಬಂದಿತ್ತು, ಓದುಗರಿಗೆ ನೆನಪಿರಬಹುದು. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಎಂಬ, ನಮ್ಮ ಕರ್ನಾಟಕದ ಗಡಿಗೆ ಹತ್ತಿರದ ಹಳ್ಳಿಯ ಗ್ರಾಮಸಭೆ, ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ ಕಾಲುಂಗುರ ತೆಗೆಯಿಸುವುದು ಇನ್ನು ಮುಂದೆ ಬೇಡವೆಂದು ಠರಾವು ಮಾಡಿತ್ತು. ಎರಡು ವಾರ ಕಳೆಯುವುದರೊಳಗೆ ಮಹಾರಾಷ್ಟ್ರ ಸರಕಾರವೂ ಉಳಿದ ಗ್ರಾಮಪಂಚಾಯತಿಗಳು ಇದನ್ನು ಅನುಸರಿಸಬೇಕೆಂದು ಸುತ್ತೋಲೆ ಹೊರಡಿಸಿತು. ನಮ್ಮ ಹೆಂಗಸರ ಕೂಟದಲ್ಲಿ ಆ ವಿಷಯವನ್ನೆತ್ತಿ ಮಾತನಾಡಿದವಳು ನಾನೇ. ‘ಒಂದು ಹಳ್ಳಿಗೆ ಹೊಳೆದದ್ದು ಪಟ್ಟಣದ ನಮಗೆ ಹೊಳೆಯಲಿಲ್ಲವಲ್ಲ!’ ಎಂದು ನಾನು ಹೇಳಿದಾಗ ಚಪ್ಪಾಳೆ ಬಿತ್ತು. ವೈನಿಯೂ ಚಪ್ಪಾಳೆ ತಟ್ಟಿದ್ದರು.

2023ರಲ್ಲಿ ಅಧಿಕ ಶ್ರಾವಣ ಬಂದು ಹಬ್ಬಗಳೆಲ್ಲ ಹಿಂದಾದವು. ವರಮಹಾಲಕ್ಷ್ಮಿ ಬಂದದ್ದು ಆಗಸ್ಟ್ 25ಕ್ಕೆ. ಕರೆಯಬೇಕಾದವರ ಪಟ್ಟಿ ಮಾಡಲು ಕುಳಿತಾಗ, ಎಂದಿನಂತೆ ಮೊದಲ ಹೆಸರು ಬರೆಯಲು ಹೋದ ಕೈ ನಿಂತಿತು. ನನ್ನ ಭಾಷಣ ನನಗೇ ನೆನಪಾಯಿತು. ಆದರೆ ಅದರ ಹಿಂದೆಯೇ ಒಂದು ಸಮಾಧಾನವೂ ಬಂತು: ‘ಇನ್ನೂ ವರ್ಷ ತುಂಬಿಲ್ಲವಲ್ಲ. ಅವರ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ. ಕರೆದರೆ ಅವರಿಗೇ ಮುಜುಗರ.’ ಹೆಸರು ಬರೆಯಲಿಲ್ಲ.

ಆ ದಿನ ಸಂಜೆ ನಮ್ಮ ಮನೆ ಕಿಕ್ಕಿರಿದಿತ್ತು. ನಾಲ್ಕು ವರ್ಷದ ಮೊಮ್ಮಗ ದೀಪದ ಕಂಬದ ಸುತ್ತ ಓಡಾಡಿ ಎಲ್ಲಿ ಬೆಂಕಿ ತಗುಲಿಸಿಕೊಳ್ಳುವನೋ ಎಂದು ಎಲ್ಲರಿಗೂ ಭಯ. ಅವನನ್ನು ಎತ್ತಿಕೊಂಡು ಹೋಗಿ ತಮ್ಮ ಮನೆಯಲ್ಲಿ ಆಡಿಸಿದವರು ವೈನಿ. ಮಂದಿಯೆಲ್ಲ ಹೋದ ಮೇಲೆ, ರಾತ್ರಿ ಒಂಬತ್ತೂವರೆಗೆ, ನಿದ್ದೆ ಹೋಗಿದ್ದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಹೊಸ್ತಿಲಾಚೆಯೇ ನಿಂತು ಮಗುವನ್ನು ನನ್ನ ಕೈಗೆ ಕೊಟ್ಟರು. ಅಲ್ಲಿಂದಲೇ ಒಳಗೆ ಇಣುಕಿ, ಕಲಶಕ್ಕೆ ಕೈಮುಗಿದು, ‘ಛಲೋ ಅಲಂಕಾರ ಮಾಡೀರಿ’ ಎಂದು ಹೇಳಿ ಹೊರಟುಹೋದರು. ನನ್ನ ಬೆರಳಿನಲ್ಲಿ ಇನ್ನೂ ಕುಂಕುಮವಿತ್ತು. ‘ಒಳಗೆ ಬನ್ನಿ’ ಎಂಬ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ರಾತ್ರಿ ಪಾತ್ರೆ ಒರೆಸಿಡುತ್ತಿದ್ದಾಗ ನೆನಪಾಯಿತು: ಆ ಸಂಜೆ ಬಂದವರಲ್ಲಿ ಒಬ್ಬರ ಮಾವನವರು ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಅವರ ಮನೆಯಲ್ಲಿಯೂ ಆ ವರ್ಷ ಹಬ್ಬವಿರಲಿಲ್ಲ. ಆದರೂ ನಾನು ಅವರನ್ನು ಕರೆದಿದ್ದೆ. ಅವರು ಬಂದು ತಾಂಬೂಲ ತೆಗೆದುಕೊಂಡು ಹೋಗಿದ್ದರು. ಹಾಗಾದರೆ ‘ವರ್ಷ ತುಂಬಿಲ್ಲ’ ಎಂಬುದು ಕಾರಣವಾಗಿರಲಿಲ್ಲ, ಬರಿಯ ನೆಪ. ನಿಜವಾದ ಕಾರಣವೇನೆಂದು ನನ್ನನ್ನೇ ಕೇಳಿಕೊಂಡೆ. ಶಾಸ್ತ್ರವೇ? ನಾನು ಶಾಸ್ತ್ರ ಓದಿದವಳಲ್ಲ. ಜನರ ಮಾತೇ? ಸ್ವಲ್ಪ ಇರಬಹುದು. ಆದರೆ ಎಲ್ಲಕ್ಕಿಂತ ಕೆಳಗೆ ಇದ್ದದ್ದು ಭಯ. ನನ್ನ ಯಜಮಾನರಿಗೆ ಎಪ್ಪತ್ತು ದಾಟಿದೆ. ಎದುರು ಮನೆಗೆ ಬಂದದ್ದು ನನ್ನ ಮನೆಗೂ ಬಂದೀತೆಂಬ ಭಯ. ಆ ಭಯಕ್ಕೆ ನಾನು ಸಂಪ್ರದಾಯದ ಸೀರೆ ಉಡಿಸಿದ್ದೆ, ಅಷ್ಟೆ.

ಈ ಭಯವನ್ನು ಬೆಳಕಿನಲ್ಲಿಟ್ಟು ನೋಡಿದರೆ ಅದರಲ್ಲಿ ತರ್ಕವಿಲ್ಲವೆಂದು ತಿಳಿಯುತ್ತದೆ. ಸಾವು ಕುಂಕುಮದ ಬಟ್ಟಲಿನ ಮೂಲಕ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುವುದಿಲ್ಲ. ಗಂಡ ಹೆಂಡಿರಿಬ್ಬರಲ್ಲಿ ಒಬ್ಬರು ಮೊದಲು ಹೋಗಲೇಬೇಕು. ನಮ್ಮಲ್ಲಿ ಗಂಡಂದಿರು ವಯಸ್ಸಿನಲ್ಲಿ ಹಿರಿಯರಾಗಿರುವುದರಿಂದ ಹಿಂದೆ ಉಳಿಯುವವರು ಬಹುಮಟ್ಟಿಗೆ ಹೆಂಗಸರೇ. ಇದು ಲೆಕ್ಕದ ಮಾತು, ಪಾಪಪುಣ್ಯದ ಮಾತಲ್ಲ. ‘ಮುತ್ತೈದೆಯಾಗಿ ಸಾಯಲಿ’ ಎಂದು ಹರಸುತ್ತೇವಲ್ಲ, ಆ ಹರಕೆಯ ಇನ್ನೊಂದು ಮುಖವನ್ನು ನಾವು ಯೋಚಿಸಿದ್ದೇವೆಯೇ? ಮುದುಕನಾದ ಗಂಡ ಒಂಟಿಯಾಗಿ ಉಳಿಯಲಿ ಎಂದೂ ಅದರ ಅರ್ಥವಾಗುತ್ತದೆ. ಆದರೂ ಹಾಗೆ ಉಳಿದ ಗಂಡಸನ್ನು ನಾವು ಯಾರೂ ಅಮಂಗಳನೆನ್ನುವುದಿಲ್ಲ. ಹೆಂಡತಿ ಸತ್ತವನು ಕೆಲವು ಕರ್ಮಗಳಿಗೆ ಕೂಡಲಾರ ಎಂಬುದೇನೋ ಉಂಟು. ಆದರೆ ಅವನು ಎದುರು ಬಂದನೆಂದು ಪ್ರಯಾಣ ನಿಲ್ಲಿಸಿದವರನ್ನು ನಾನು ಕಂಡಿಲ್ಲ. ಮದುವೆಯ ಊಟಕ್ಕೆ ಅವನನ್ನು ಮೊದಲ ಪಂಕ್ತಿಯಲ್ಲಿಯೇ ಕೂರಿಸುತ್ತೇವೆ. ಇಬ್ಬರಿಗೂ ಬಂದ ದುಃಖ ಒಂದೇ. ಒಬ್ಬರಿಗೆ ಅದು ದುಃಖವಾಗಿ ಉಳಿದರೆ, ಇನ್ನೊಬ್ಬರಿಗೆ ಅದೇ ಅಪರಾಧವಾಗುತ್ತದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ನಮ್ಮ ಹಳೆಯ ಮನೆಗಳಲ್ಲಿ ‘ಮಡಿ’ ಎಂಬುದೊಂದು, ‘ಮಂಗಳ’ ಎಂಬುದು ಇನ್ನೊಂದು. ನನ್ನ ತಂದೆಯ ಸೋದರತ್ತೆ ಒಬ್ಬರು ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡವರು. ನೈವೇದ್ಯದ ಅಡಿಗೆ ಅವರ ಕೈಯದೇ ಆಗಬೇಕು. ಅವರಷ್ಟು ಮಡಿ ಇನ್ನಾರೂ ಇಲ್ಲ. ಅವರು ಮಾಡಿದ ಹೋಳಿಗೆಯನ್ನು ದೇವರು ಒಪ್ಪುತ್ತಿದ್ದ, ಪುರೋಹಿತರು ಒಪ್ಪುತ್ತಿದ್ದರು. ಆದರೆ ಮುತ್ತೈದೆಯರು ಬರುವ ಹೊತ್ತಿಗೆ ಅವರು ಹಿತ್ತಲ ಕೋಣೆ ಸೇರಬೇಕು. ದೇವರ ಬಾಯಿಗೆ ಶುದ್ಧವಾದ ಕೈ, ಮನುಷ್ಯರ ಕಣ್ಣಿಗೆ ಅಶುಭವಾದದ್ದು ಹೇಗೆ? ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪುಸ್ತಕವಾಗಿ ಬಂದಾಗ, ಆಮೇಲೆ 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದಾಗ, ನಮ್ಮಲ್ಲಿ ಅನೇಕರು ಕಣ್ಣೊರೆಸಿಕೊಂಡೆವು. ಅದು ನಮ್ಮದೇ ಮನೆಗಳ ಕತೆಯಾದ್ದರಿಂದ ಹಾಗಾಯಿತು. ಕಣ್ಣೊರೆಸಿಕೊಂಡವರು ಆಮೇಲೆ ನಮ್ಮ ಪಟ್ಟಿಗಳನ್ನು ಬದಲಾಯಿಸಿದೆವೇ ಎಂಬುದು ಬೇರೆ ಮಾತು.

ಇಲ್ಲಿ ಕೆಲವರು ಹೇಳಬಹುದು: ‘ಇದು ಮುತ್ತೈದೆಯರ ವ್ರತ. ಗಂಡನ ಆಯುಸ್ಸಿಗಾಗಿ ಮಾಡುವಂಥದು. ಗಂಡನಿಲ್ಲದವರಿಗೆ ಇದರಲ್ಲಿ ಏನು ಕೆಲಸ?’ ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಭೀಮನ ಅಮಾವಾಸ್ಯೆ, ಮಂಗಳಗೌರಿ ಇವು ಗಂಡನ ಕ್ಷೇಮವನ್ನೇ ಕುರಿತ ವ್ರತಗಳು, ನಿಜ. ಆದರೆ ವರಮಹಾಲಕ್ಷ್ಮಿಯಲ್ಲಿ ನಾವು ಬೇಡುವುದೇನು? ಧನ, ಧಾನ್ಯ, ಸಂತಾನ, ಆರೋಗ್ಯ, ಧೈರ್ಯ, ವಿದ್ಯೆ. ಒಟ್ಟಿನಲ್ಲಿ ಮನೆ ತುಂಬಿರಲಿ ಎಂಬುದು. ಗಂಡ ಹೋದ ಮನೆಯಲ್ಲಿ ಅಕ್ಕಿಯ ಡಬ್ಬಿ ತುಂಬುವುದು ಬೇಡವೇ? ಮಕ್ಕಳಿಗೆ ವಿದ್ಯೆ ಬೇಡವೇ? ಒಂಟಿಯಾಗಿ ಸಂಸಾರವನ್ನು ಎಳೆಯುವವಳಿಗಿಂತ ಹೆಚ್ಚು ಧೈರ್ಯಲಕ್ಷ್ಮಿ ಬೇಕಾದವರು ಯಾರು? ನ್ಯಾಯವಾಗಿ ನೋಡಿದರೆ ಲಕ್ಷ್ಮಿಯ ಬಾಗಿಲಲ್ಲಿ ಆಕೆಯ ಅಹವಾಲು ನಮ್ಮದಕ್ಕಿಂತ ದೊಡ್ಡದು.

ವ್ರತದ ಕಥೆಯನ್ನೇ ನೆನೆಯೋಣ. ಪ್ರತಿ ವರ್ಷ ಅಕ್ಷತೆ ಹಿಡಿದು ಕೇಳುವ ಕಥೆಯೇ. ಕುಂಡಿನ ಪಟ್ಟಣದ ಚಾರುಮತಿಯ ಕನಸಿನಲ್ಲಿ ದೇವಿ ಕಾಣಿಸಿಕೊಂಡು ವ್ರತ ಮಾಡೆಂದಳು. ಚಾರುಮತಿ ಬಾಗಿಲು ಹಾಕಿಕೊಂಡು ತಾನೊಬ್ಬಳೇ ಮಾಡಿ ತನ್ನ ಮನೆಯನ್ನು ತುಂಬಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಬೆಳಗಾಗುತ್ತಲೇ ಮನೆಯವರಿಗೆ ಹೇಳಿದಳು. ಊರ ಹೆಂಗಸರಿಗೆ ತಿಳಿಯಿತು. ಎಲ್ಲರೂ ಕೂಡಿ ವ್ರತ ಮಾಡಿದರು, ಎಲ್ಲರ ಮನೆಯೂ ತುಂಬಿತು. ಚಾರುಮತಿಯಿಂದ ತಮಗೆಲ್ಲ ಭಾಗ್ಯ ಬಂತೆಂದು ಅವರೆಲ್ಲ ಆಕೆಯನ್ನು ಹೊಗಳಿದರು. ಈ ಕಥೆಯಿಂದ ವಿಧವೆಯರ ಪರವಾಗಿ ವಾಕ್ಯವೊಂದನ್ನು ಎಳೆದು ತೆಗೆಯುವ ಆಸೆ ನನಗಿಲ್ಲ. ನನಗೆ ಮುಖ್ಯವೆನಿಸುವುದು ಇಷ್ಟೆ: ಲಕ್ಷ್ಮಿಯ ವರ ಹಂಚಿದಾಗ ಹೆಚ್ಚಿತು. ನಾವಾದರೋ ಸೌಭಾಗ್ಯವನ್ನು ಹಂಚಿದರೆ ಕರಗಿಹೋಗುವ ಕರ್ಪೂರವೆಂದು ತಿಳಿದು, ಮುಚ್ಚಳ ಬಿಗಿದು ಇಟ್ಟುಕೊಂಡಿದ್ದೇವೆ. ಭಯದಿಂದ ಕೂಡಿಟ್ಟದ್ದು ಸಂಪತ್ತೇ ಇರಬಹುದು, ಲಕ್ಷ್ಮಿಯಂತೂ ಅಲ್ಲ.

‘ಹಿಂದಿನಿಂದ ನಡೆದುಬಂದದ್ದನ್ನು ಬಿಡುವುದು ಹೇಗೆ?’ ಎನ್ನುವವರಿಗೆ ಪುಣೆಯಲ್ಲಿ ಕುಳಿತು ಉತ್ತರ ಹುಡುಕಬೇಕಾಗಿಲ್ಲ. ನಾವು ದಿನವೂ ಓಡಾಡುವ ಬೀದಿಗಳೇ ಹೇಳುತ್ತವೆ. ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ ದೊರೆತದ್ದು 1856ರಲ್ಲಿ. ಆದರೆ ಕಾನೂನಾದ ಮಾತ್ರಕ್ಕೆ ಮನೆಯ ಬಾಗಿಲು ತೆರೆಯುವುದಿಲ್ಲ. ಜ್ಯೋತಿರಾವ್ ಫುಲೆ, ಸಾವಿತ್ರಿಬಾಯಿ ದಂಪತಿಗಳು 1863ರಲ್ಲಿ ಇದೇ ಊರಿನಲ್ಲಿ, ದಾರಿ ತಪ್ಪಿಸಲ್ಪಟ್ಟ ವಿಧವೆಯರು ಗುಟ್ಟಾಗಿ ಬಂದು ಹೆತ್ತು ಮಗುವನ್ನು ಉಳಿಸಿಕೊಳ್ಳಲೆಂದು ಆಶ್ರಯವನ್ನು ತೆರೆದರು. ಪಂಡಿತಾ ರಮಾಬಾಯಿ ನಮ್ಮ ನೆಲದವರೇ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಜನರ ವಿರೋಧ ಕಟ್ಟಿಕೊಂಡವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರು 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಆ ಸದನದಲ್ಲಿ ಓದಿದ ಬಾಲವಿಧವೆ ಗೋದೂಬಾಯಿ. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಮದುವೆಯಾದದ್ದು ಆಕೆಯನ್ನೇ.

ಆಗ ಕರ್ವೆಯವರೂ ಹೆಂಡತಿ ತೀರಿಕೊಂಡಿದ್ದವರು. ಅವರು ಕನ್ಯೆಯೊಬ್ಬಳನ್ನು ಮದುವೆಯಾಗಿದ್ದರೆ ಊರವರು ಬಂದು ಅಕ್ಷತೆ ಹಾಕುತ್ತಿದ್ದರು. ಗಂಡ ತೀರಿಕೊಂಡಿದ್ದವಳನ್ನು ಮದುವೆಯಾದದ್ದರಿಂದ ಅವರ ಊರಾದ ಮುರುಡದಲ್ಲಿ ಬಹಿಷ್ಕಾರ ಬಂತು. 1896ರಲ್ಲಿ ಅವರು ವಿಧವೆಯರ ಆಶ್ರಮವನ್ನು ಆರಂಭಿಸಿ ಅದನ್ನು ಹಿಂಗಣೆಗೆ ಒಯ್ದರು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. 1958ರಲ್ಲಿ, ಅವರಿಗೆ ನೂರು ತುಂಬಿದ ವರ್ಷ, ದೇಶ ಅವರಿಗೆ ಭಾರತರತ್ನ ಕೊಟ್ಟಿತು. ಬಹಿಷ್ಕಾರಕ್ಕೂ ಭಾರತರತ್ನಕ್ಕೂ ನಡುವೆ ಅರವತ್ತೈದು ವರ್ಷ. ಆ ಹಿಂಗಣೆಯೇ ಇಂದಿನ ಕರ್ವೆನಗರ, ನಾನು ಕಲಶವಿಡುವ ಊರು. ಯಾರ ಹೆಸರನ್ನು ನನ್ನ ವಿಳಾಸದಲ್ಲಿ ದಿನವೂ ಬರೆಯುತ್ತೇನೋ ಅವರ ಬಾಳಿನ ಕೆಲಸವನ್ನು ನನ್ನ ಹೊಸ್ತಿಲಿನಲ್ಲಿ ನಾನೇ ನಿಲ್ಲಿಸಿದ್ದೆ.

ಸಂಪ್ರದಾಯ ಬದಲಾಗುವುದಿಲ್ಲವೆನ್ನುವವರು ಇಷ್ಟನ್ನು ಯೋಚಿಸಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಕೇಶಮುಂಡನವೇ ಧರ್ಮವೆನಿಸಿತ್ತು. ಇಂದು ಅದನ್ನು ಬೇಕೆನ್ನುವವರು ಯಾರಿದ್ದಾರೆ? ಅದು ಹೋದದ್ದರಿಂದ ಯಾವ ಮನೆಯ ದೀಪ ಆರಿತು? ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಾಲಯ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು. ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ನೇಮಿಸಿದರು. ಗರ್ಭಗುಡಿಯಲ್ಲಿ ದೇವರ ಮುಂದೆ ಆರತಿ ಎತ್ತಬಲ್ಲವರು ನಮ್ಮ ನಡುಮನೆಯ ಕಲಶದ ಮುಂದೆ ಕೂರಲಾರರೇ?

ಹೀಗೆ ವರ್ಷವೆಲ್ಲ ನನ್ನೊಳಗೆ ವಾದ ನಡೆಸಿ, 2024ರ ಶ್ರಾವಣದ ಹೊತ್ತಿಗೆ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಆ ಸಲ ವ್ರತ ಆಗಸ್ಟ್ 16ಕ್ಕೆ. ಎರಡು ದಿನ ಮುಂಚೆ ಎದುರು ಮನೆಗೆ ಹೋದೆ. ವೈನಿ ಜೋಳದ ಹಿಟ್ಟು ಸಾಣಿಸುತ್ತಿದ್ದರು.

‘ವೈನಿ, ಶುಕ್ರವಾರ ಸಂಜೆ ಬರಬೇಕು’ ಎಂದೆ.

‘ಯಾಕ್ರೀ, ಹುಡುಗನ್ನ ಹಿಡ್ಕೊಳ್ಳಿಕ್ಕೇನು?’ ಎಂದು ನಕ್ಕರು. ಆ ನಗೆಯಲ್ಲಿ ಕೊಂಕಿರಲಿಲ್ಲ. ಅದರಿಂದಲೇ ನನಗೆ ಇನ್ನಷ್ಟು ನೋವಾಯಿತು.

‘ಅಲ್ಲ, ಅರಿಶಿನ ಕುಂಕುಮಕ್ಕೆ. ಹೋದ ವರ್ಷವೂ ಕರೆಯಬೇಕಾಗಿತ್ತು. ಕರೆಯದೆ ತಪ್ಪು ಮಾಡಿದೆ.’

ಅವರು ಜರಡಿ ಕೆಳಗಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮ ಮನಿಗೆ ಬರೋ ಮಂದಿ ಏನಂತಾರ, ವಿಚಾರ ಮಾಡೀರೇನು?’ ಎಂದರು.

‘ಮಾಡಿದ್ದೇನೆ.’

‘ನಾ ಏನಂತೀನಿ, ಅದನ್ನ ವಿಚಾರ ಮಾಡೀರೇನು?’

ಓದುಗರೇ, ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವರ್ಷವೆಲ್ಲ ನಾನು ಶಾಸ್ತ್ರದೊಡನೆ ವಾದಿಸಿದ್ದೆ, ಇತಿಹಾಸ ತಿರುವಿ ಹಾಕಿದ್ದೆ, ನೆರೆಹೊರೆಯವರಿಗೆ ಕೊಡಬೇಕಾದ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಎದುರು ಮನೆಯಲ್ಲಿದ್ದವರನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಹೋದ ವರ್ಷ ಅವರಿಗೆ ಕುಂಕುಮ ಬೇಡವೆಂದು ನಾನೇ ತೀರ್ಮಾನ ಮಾಡಿದ್ದೆ. ಈ ವರ್ಷ ಬೇಕೆಂದು ನಾನೇ ತೀರ್ಮಾನ ಮಾಡಿದ್ದೆ. ತೀರ್ಮಾನ ಬದಲಾಗಿತ್ತು, ತೀರ್ಮಾನಿಸುವವಳು ಬದಲಾಗಿರಲಿಲ್ಲ.

ಅವರೇ ಮುಂದುವರಿದು ಹೇಳಿದರು: ‘ನೀವು ಕರದ್ರಿ, ಛಲೋ ಆತು. ನಾ ಬರ್ತೀನಿ. ಆದ್ರ ನಾಕು ಮಂದ್ಯಾಗ ಹಣಿಗೆ ಹಚ್ಕೋರಿ, ಹಚ್ಕೋರಿ ಅಂತ ಒತ್ತಾಯ ಮಾಡಬ್ಯಾಡ್ರಿ. ನಲವತ್ತಾರು ವರ್ಷ ಅವರ ಹೆಸರಿಲೆ ಹಚ್ಕೊಂಡೀನಿ. ಈಗ ಹಚ್ಕೋಬೇಕೋ ಬ್ಯಾಡೋ ಅನ್ನೋದು ನನಗ ಬಿಡ್ರಿ. ಬ್ಯಾಡ ಅಂದ್ರೂ ಅದು ನನ್ನ ಮನಸು. ಮಂದಿಗೆ ಅಂಜಿ ಅಲ್ಲ.’

ಅವರು ಬಂದರು. ನಾನು ತಟ್ಟೆ ಹಿಡಿದೆ. ಅರಿಶಿನವನ್ನು ಕೆನ್ನೆಗೆ ಹಚ್ಚಿಕೊಂಡರು, ಹೂವನ್ನು ತೆಗೆದು ಕಣ್ಣಿಗೊತ್ತಿಕೊಂಡರು. ಕುಂಕುಮದ ಬಟ್ಟಲನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನಮಸ್ಕರಿಸಿದರು. ತಾಂಬೂಲವನ್ನು ಸೆರಗಿನಲ್ಲಿ ತೆಗೆದುಕೊಂಡು, ನಾನು ಕಾಲಿಗೆ ಬಿದ್ದಾಗ ಎಂದಿನಂತೆ ಹರಸಿದರು. ಎಲ್ಲವೂ ಸುಗಮವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಒಬ್ಬರು ಹಿರಿಯರು ‘ಕೆಲಸವಿದೆ’ ಎಂದು ಬೇಗ ಎದ್ದರು. ಮರುವರ್ಷ ಅವರು ಬರಲಿಲ್ಲ. ಇನ್ನೊಬ್ಬರು ಬಾಗಿಲಲ್ಲಿ ನನ್ನ ಕಿವಿಯಲ್ಲಿ, ‘ಹೀಗೆಂದು ಮೊದಲೇ ಹೇಳಬಾರದಿತ್ತೇ?’ ಎಂದರು. ಅವರನ್ನು ಕೆಟ್ಟವರೆನ್ನಲು ನನಗೆ ಬಾಯಿಲ್ಲ. ಒಂದು ವರ್ಷ ಹಿಂದೆ ನಾನೂ ಅಲ್ಲಿಯೇ ನಿಂತಿದ್ದವಳು. ಅವರಲ್ಲಿರುವುದೂ ಅದೇ ಭಯ. ಅದನ್ನು ಬೈದು ಹೋಗಲಾಡಿಸುವಂತಿಲ್ಲ. ಏನೂ ಕೆಡಲಿಲ್ಲವೆಂಬುದನ್ನು ವರ್ಷದಿಂದ ವರ್ಷಕ್ಕೆ ಕಣ್ಣಾರೆ ಕಂಡು ಅದು ತಾನಾಗಿ ಸಡಿಲವಾಗಬೇಕು.

ಈ ಅನುಭವದಿಂದ ನನಗೆ ತಿಳಿದದ್ದನ್ನು ಹೇಳಿ ಮುಗಿಸುತ್ತೇನೆ. ಕರೆಯುವುದು ಒಂದು, ತೆಗೆದುಕೊಳ್ಳುವುದು ಇನ್ನೊಂದು. ಕರೆಯುವುದು ಮನೆಯವಳ ಧರ್ಮ. ಅದರಲ್ಲಿ ಈಕೆ ಮುತ್ತೈದೆ, ಈಕೆ ಅಲ್ಲ, ಈಕೆ ಗಂಡನನ್ನು ಬಿಟ್ಟವಳು, ಈಕೆಗೆ ಮದುವೆಯೇ ಆಗಿಲ್ಲ ಎಂದು ಸೋಸುವ ಅಧಿಕಾರ ನನಗಿಲ್ಲ. ಜರಡಿ ಹಿಟ್ಟಿಗೆ ಸರಿ, ಮನುಷ್ಯರಿಗಲ್ಲ. ತೆಗೆದುಕೊಳ್ಳುವುದು, ಬಿಡುವುದು ಬಂದವಳ ಸ್ವಾತಂತ್ರ್ಯ. ಕೆಲವರಿಗೆ ಮತ್ತೆ ಕುಂಕುಮವಿಟ್ಟುಕೊಳ್ಳುವುದೇ ಬಿಡುಗಡೆಯಾಗಿರಬಹುದು. ಇನ್ನು ಕೆಲವರಿಗೆ ಬರಿಯ ಹಣೆಯೇ ತೀರಿಕೊಂಡವರ ನೆನಪಾಗಿರಬಹುದು. ಬಲವಂತವಾಗಿ ಅಳಿಸುವುದು ಕ್ರೌರ್ಯವಾದರೆ, ಸುಧಾರಣೆಯ ಹುಮ್ಮಸ್ಸಿನಲ್ಲಿ ಬಲವಂತವಾಗಿ ಹಚ್ಚುವುದೂ ಅದರ ತಂಗಿಯೇ. ಆದರೆ ಈ ಸ್ವಾತಂತ್ರ್ಯಕ್ಕೆ ಅರ್ಥ ಬರುವುದು ತಟ್ಟೆ ಮುಂದೆ ಬಂದಾಗ ಮಾತ್ರ. ಕರೆಯದೇ ಇದ್ದು, ‘ಅವರಿಗೇ ಬೇಡವಾಗಿತ್ತು’ ಎನ್ನುವುದು ನಾವು ನಮ್ಮ ಅನುಕೂಲಕ್ಕೆ ಹೇಳಿಕೊಳ್ಳುವ ಮಾತು. ಬೇಡವೆನ್ನುವ ಗೌರವವೂ ಕರೆಸಿಕೊಂಡವರಿಗೇ ಸಲ್ಲುವುದು.

ನಮ್ಮ ಆಮಂತ್ರಣಗಳಲ್ಲಿ ‘ಸುವಾಸಿನಿಯರೆಲ್ಲರೂ ಆಗಮಿಸಬೇಕು’ ಎಂದು ಬರೆಯುವುದು ರೂಢಿ. ಮುಂದಿನ ಶ್ರಾವಣದಲ್ಲಿ ‘ಹೆಣ್ಣುಮಕ್ಕಳೆಲ್ಲರೂ’ ಎಂದು ಬರೆದು ನೋಡೋಣವೇ? ಬದಲಾಗುವುದು ಒಂದೇ ಪದ. ಈ ಊರಿಗೆ ಬಂದು ನೆಲೆಸಿದ ನಮ್ಮ ಪೀಳಿಗೆಯಲ್ಲಿ ಈಗ ಯಾವ ಓಣಿಯಲ್ಲಿ ನೋಡಿದರೂ ಒಂಟಿಯಾದ ಹಿರಿಯ ಹೆಂಗಸರಿದ್ದಾರೆ. ಐವತ್ತು ವರ್ಷ ನಮ್ಮ ಮಕ್ಕಳನ್ನು ಆಡಿಸಿದವರು, ನಮ್ಮ ಬಾಣಂತನಗಳಿಗೆ ಬಂದವರು, ನಮಗೆ ಉಡಿ ತುಂಬಿದವರು. ನಾವೂ ಒಂದು ದಿನ ಅವರ ಸಾಲಿಗೆ ಸೇರಬೇಕಾದವರೇ. ಇಂದು ನಾವು ಹಾಕುವ ಗೆರೆಯ ಆಚೆಗೆ ನಾಳೆ ನಿಲ್ಲುವವರು ನಾವೇ.

ಇದನ್ನೆಲ್ಲ ವೈನಿಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ‘ಹೆಸರು ಮಾತ್ರ ಬ್ಯಾಡ’ ಎಂದರು. 2025ರ ಆಗಸ್ಟಿನಲ್ಲಿಯೂ ಅವರು ಬಂದಿದ್ದರು. ಆ ಸಲ ಕುಂಕುಮವಿಟ್ಟುಕೊಂಡರೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಅದು ಅವರಿಗೆ ಸೇರಿದ ವಿಷಯ. ಮೊದಲ ಮಣೆ ಅವರಿಗೆ ಹಾಕಿದ್ದೆ ಎಂಬುದಷ್ಟನ್ನು ನಾನು ಹೇಳಬಲ್ಲೆ.